ಗೋಡೆ ಕಟ್ಟುವ ಮುನ್ನ: ನೇರ ಫ್ರೀ ಕಿಕ್ ಎದುರಿಸುವ ಬಗೆ

2023ರ ಮಾರ್ಚ್ 3ರ ರಾತ್ರಿ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವಿನ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಪ್ಲೇಆಫ್ ಪಂದ್ಯವು 90 ನಿಮಿಷ ಮುಗಿದರೂ ಗೋಲು ಕಾಣದೆ ಹೆಚ್ಚುವರಿ ಅವಧಿಗೆ ಹೊರಳಿತ್ತು. ಆ ಅವಧಿಯ ಆರಂಭದಲ್ಲೇ ಪೆನಾಲ್ಟಿ ಆವರಣದ ಹೊರಗೆ ಬೆಂಗಳೂರಿಗೆ ಒಂದು ಫ್ರೀ ಕಿಕ್ ಸಿಕ್ಕಿತು. ಕೇರಳದ ಗೋಲ್‌ಕೀಪರ್ ಪ್ರಭ್‌ಸುಖನ್ ಗಿಲ್ ಇನ್ನೂ ಗೋಡೆಯನ್ನು, ಅಂದರೆ ಚೆಂಡಿಗೆ ಅಡ್ಡಲಾಗಿ ಒತ್ತಾಗಿ ನಿಲ್ಲುವ ಡಿಫೆಂಡರ್‌ಗಳ ಸಾಲನ್ನು, ಜೋಡಿಸುವುದರಲ್ಲಿದ್ದರು. ರೆಫರಿಯ ಸೀಟಿಗೆ ಕಾಯದೆ ಸುನಿಲ್ ಚೆಟ್ರಿ ಚೆಂಡನ್ನು ಮೆಲ್ಲಗೆ ಎತ್ತಿ ಗೋಲಿನೊಳಕ್ಕೆ ಇಳಿಸಿಬಿಟ್ಟರು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಆಟಗಾರರನ್ನು ಅಂಗಳದಿಂದ ಹೊರಗೆ ಕರೆದರು, ತಂಡ ಮರಳಿ ಬರಲಿಲ್ಲ, ಗೆಲುವು ಬೆಂಗಳೂರಿನ ಪಾಲಾಯಿತು. ಮುಂದೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಬ್ಲಾಸ್ಟರ್ಸ್ ತಂಡಕ್ಕೆ 4 ಕೋಟಿ ರೂಪಾಯಿ ದಂಡ ವಿಧಿಸಿತು, ಕೋಚ್‌ಗೆ 10 ಪಂದ್ಯಗಳ ನಿಷೇಧ ಹೇರಿತು.

ಆ ಗೋಲು ನ್ಯಾಯವೋ ಅನ್ಯಾಯವೋ ಎಂಬ ಜಗಳ ಈ ಊರಿನ ಫುಟ್‌ಬಾಲ್ ಮಂದಿಯ ನಡುವೆ ಇನ್ನೂ ಆರಿಲ್ಲ. ಮಲಯಾಳಿ ಗೆಳೆಯರೊಡನೆ ಕಾಫಿಗೆ ಕುಳಿತರೆ ಹತ್ತು ನಿಮಿಷದೊಳಗೆ ಮಾತು ಅಲ್ಲಿಗೇ ಬಂದು ನಿಲ್ಲುತ್ತದೆ. ಆದರೆ ರಕ್ಷಣೆಯ ಕಡೆಯಿಂದ ನೋಡುವವನಿಗೆ ಈ ಪ್ರಶ್ನೆಗಿಂತ ಮುಖ್ಯವಾದದ್ದು ಇನ್ನೊಂದಿದೆ. ಸೀಟಿ ಊದಿದ ಕ್ಷಣದಿಂದ ಚೆಂಡು ಗೋಲು ಸೇರುವವರೆಗಿನ ಆ ಕೆಲವು ಸೆಕೆಂಡುಗಳಲ್ಲಿ ಹನ್ನೊಂದು ಜನರಲ್ಲಿ ಯಾರ ಕಣ್ಣು ಚೆಂಡಿನ ಮೇಲಿತ್ತು? ನೇರ ಫ್ರೀ ಕಿಕ್, ಅಂದರೆ ಚೆಂಡನ್ನು ನೇರವಾಗಿ ಗೋಲಿಗೇ ಒದೆಯಬಹುದಾದ ಫ್ರೀ ಕಿಕ್, ತಡೆಯುವ ಬಗೆ ಹೇಗೆಂದು ಕೇಳಿದರೆ ಎಲ್ಲರೂ ಗೋಡೆಯಲ್ಲಿ ಎಷ್ಟು ಜನ ನಿಲ್ಲಬೇಕು, ಹಾರಬೇಕೆ ಬೇಡವೆ ಎಂಬಲ್ಲಿಂದಲೇ ಮಾತು ಶುರುಮಾಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ರಕ್ಷಣೆ ಗೆಲ್ಲುವುದೂ ಸೋಲುವುದೂ ಬಹುಪಾಲು ಅದಕ್ಕೂ ಮೊದಲೇ, ಗೋಡೆ ಇನ್ನೂ ಗೋಡೆಯಾಗಿರದ ಹೊತ್ತಿನಲ್ಲಿ.

ನಿಯಮವನ್ನು ಒಮ್ಮೆ ಸರಿಯಾಗಿ ನೋಡೋಣ. ಫ್ರೀ ಕಿಕ್ ಎಂಬುದು ಫೌಲ್‌ಗೆ ಒಳಗಾದ ತಂಡಕ್ಕೆ ಸಿಗುವ ಪರಿಹಾರ. ಎದುರಾಳಿಗಳು ಚೆಂಡಿನಿಂದ ಕನಿಷ್ಠ 9.15 ಮೀಟರ್ ದೂರ ಹೋಗಬೇಕು ಎನ್ನುವ ಫುಟ್‌ಬಾಲ್ ಆಟದ 13ನೇ ನಿಯಮವು ಅವರಿಗೆ ಗೋಡೆ ಕಟ್ಟಿಕೊಳ್ಳಲು ಸಮಯ ಕೊಡಲೇಬೇಕೆಂದು ಎಲ್ಲಿಯೂ ಹೇಳುವುದಿಲ್ಲ. ಒದೆಯುವ ತಂಡವು ದೂರ ಅಳೆದುಕೊಡಿ ಎಂದು ಕೇಳಿದಾಗ, ಅಥವಾ ಕಾರ್ಡ್ ತೋರಿಸಲು, ಗಾಯಾಳುವನ್ನು ನೋಡಲು ರೆಫರಿಯೇ ಆಟ ತಡೆದಾಗ ಮಾತ್ರ ಮತ್ತೊಂದು ಸೀಟಿಗೆ ಕಾಯಬೇಕಾಗುತ್ತದೆ. ಇಲ್ಲದಿದ್ದರೆ ಚೆಂಡು ಸರಿಯಾದ ಜಾಗದಲ್ಲಿ ನಿಶ್ಚಲವಾಗಿ ನಿಂತಿದ್ದರೆ ಸಾಕು, ಒದೆಯಬಹುದು. ತನಗೆ ಸೀಟಿಯೂ ಬೇಡ, ಗೋಡೆಯೂ ಬೇಡ ಎಂದು ರೆಫರಿಗೆ ಮೊದಲೇ ತಿಳಿಸಿದ್ದಾಗಿ ಚೆಟ್ರಿ ಪಂದ್ಯದ ಬಳಿಕ ವಿವರಿಸಿದ್ದರು. ಬೇಗ ಒದೆಯುವುದನ್ನು ಬೇಕೆಂದೇ ತಡೆದರೆ ಹಳದಿ ಕಾರ್ಡ್ ಖಚಿತ. ಆದರೆ ಆಕ್ರಮಣಕಾರ ತಾನಾಗಿಯೇ ಅವಸರದಲ್ಲಿ ಒದ್ದು, ಚೆಂಡು ಇನ್ನೂ ಹಿಂದೆ ಸರಿಯುತ್ತಿದ್ದ ಡಿಫೆಂಡರ್‌ಗೆ ಸಿಕ್ಕರೆ ಆಟ ಮುಂದುವರಿಯುತ್ತದೆ. ಅಂದರೆ ಅವಸರದ ಅಪಾಯ ಒದೆಯುವವನಿಗೂ ಇದೆ. ಆದರೆ ಅದರ ಲಾಭ ಸಿಗುವುದು ಚೆಂಡಿನತ್ತ ಮುಖ ಮಾಡಿ ನಿಂತ ಡಿಫೆಂಡರ್‌ಗೆ ಮಾತ್ರ.

ಇಲ್ಲಿ ನನ್ನದೇ ಒಂದು ಅನುಭವ ಹೇಳಬೇಕು. ಕೆಲವು ವರ್ಷಗಳ ಹಿಂದೆ ಕಂಪನಿಗಳ ನಡುವಿನ ಭಾನುವಾರದ ಟೂರ್ನಿಯೊಂದರಲ್ಲಿ ನಾನು ಗೋಲ್‌ಕೀಪರ್ ಆಗಿದ್ದೆ. ಪೆನಾಲ್ಟಿ ಆವರಣದ ಮುಂದಿನ ಕಮಾನು ಗೆರೆಯ, ಅಂದರೆ ಡಿ ವೃತ್ತದ, ಬಳಿ ಫ್ರೀ ಕಿಕ್. ಟಿವಿಯಲ್ಲಿ ನೋಡಿದಂತೆಯೇ ಎಡಗಂಬಕ್ಕೆ ಆತುಕೊಂಡು, ಒಂದು ಕಣ್ಣು ಮುಚ್ಚಿ, ಕೈಯಾಡಿಸುತ್ತ, ‘ಇನ್ನೊಂದು ಹೆಜ್ಜೆ, ಇನ್ನೊಂದು ಹೆಜ್ಜೆ’ ಎಂದು ಕೂಗುತ್ತಿದ್ದೆ. ಗೋಡೆಯಲ್ಲಿದ್ದ ನಾಲ್ವರೂ ನನ್ನ ಕೂಗಿಗೆ ತಿರುಗಿ ನನ್ನನ್ನೇ ನೋಡುತ್ತಿದ್ದರು. ಅವರ ಬೆನ್ನ ಹಿಂದಿನಿಂದ ಚೆಂಡು ಬಂದು ಬಲಗಂಬದ ಪಕ್ಕದಲ್ಲಿ, ನಡೆದುಕೊಂಡು ಹೋಗುವಷ್ಟು ನಿಧಾನವಾಗಿ, ಒಳಗೆ ಉರುಳಿತು. ನಾನು ಹಾರಲೂ ಇಲ್ಲ. ಏಳು ಮೀಟರಿಗೂ ಹೆಚ್ಚು ಅಗಲದ ಗೋಲನ್ನು ಬಿಟ್ಟು ಒಂದು ಕಂಬವನ್ನು ಕಾಯುತ್ತಿದ್ದವನು ಎಲ್ಲಿಗೆ ತಾನೆ ಹಾರಬೇಕು? ತಂಡದವರು ಬೈದದ್ದು ಗೋಡೆಯನ್ನು. ತಪ್ಪು ನನ್ನದಾಗಿತ್ತು.

ಆದ್ದರಿಂದ ಗೋಡೆಯ ಸಾಲು ಹಿಡಿಯುವ ಕೆಲಸವನ್ನು ಗೋಲ್‌ಕೀಪರ್‌ನಿಂದ ತೆಗೆದು ಬೇರೆಯವರಿಗೆ ಒಪ್ಪಿಸುವುದು ಮೊದಲನೆಯ ಸುಧಾರಣೆ. ಇದಕ್ಕೆ ತಕ್ಕವನು ತಂಡದ ಸ್ಟ್ರೈಕರ್. ರಕ್ಷಣೆಯ ಹೊತ್ತಿನಲ್ಲಿ ಅವನು ಹೇಗೂ ಚೆಂಡಿನ ಆಚೆ ಬದಿಯಲ್ಲಿರುತ್ತಾನೆ. ಚೆಂಡಿನ ಹಿಂದೆ ಹತ್ತು ಮೀಟರ್ ದೂರದಲ್ಲಿ ನಿಂತು ನೋಡಿದರೆ ಚೆಂಡು, ಗೋಡೆಯ ಹೊರ ತುದಿಯ ಆಟಗಾರ, ಹತ್ತಿರದ ಗೋಲುಕಂಬ ಮೂರೂ ಒಂದೇ ಗೆರೆಯಲ್ಲಿ ಕಾಣುತ್ತವೆ. ಅವನು ಕೈ ಸನ್ನೆಯಿಂದ ಎಡಕ್ಕೋ ಬಲಕ್ಕೋ ಸರಿಸಿದರೆ ಸಾಕು. ಗೋಡೆಯವರಿಗೂ ಹಿಂದೆ ತಿರುಗುವ ಕಾರಣವಿರುವುದಿಲ್ಲ, ಏಕೆಂದರೆ ಸನ್ನೆ ಬರುವುದು ಚೆಂಡಿನ ದಿಕ್ಕಿನಿಂದಲೇ. ದೊಡ್ಡ ತಂಡಗಳಲ್ಲಿ ಈ ಪದ್ಧತಿ ಈಗಾಗಲೇ ಇದೆ. ನಮ್ಮ ಸ್ಥಳೀಯ ಲೀಗ್‌ಗಳಲ್ಲಿ ಮಾತ್ರ ಕೀಪರ್‌ಗಳು ಇನ್ನೂ ಕಂಬ ತಬ್ಬಿಕೊಂಡೇ ನಿಲ್ಲುತ್ತಾರೆ.

ಎರಡನೆಯದು, ಸೀಟಿ ಕೇಳಿದೊಡನೆ ಚೆಂಡಿಗೆ ಹತ್ತಿರವಿರುವ ಡಿಫೆಂಡರ್ ರೆಫರಿಯೊಡನೆ ವಾದಕ್ಕೆ ಇಳಿಯದೆ ಚೆಂಡು ಮತ್ತು ಗೋಲಿನ ನಡುವಿನ ಗೆರೆಯನ್ನು ಹಿಡಿದು, ಮುಖ ಚೆಂಡಿನತ್ತಲೇ ಇರುವಂತೆ ಹಿಂದಕ್ಕೆ ನಡೆಯಬೇಕು. ಫೌಲ್ ಮಾಡಿದವನು ಕೈ ಮೇಲೆತ್ತಿ ತಾನು ಮುಟ್ಟಲೇ ಇಲ್ಲ ಎಂದು ಸಾಧಿಸುವುದು, ನಾಯಕ ಓಡಿ ಬಂದು ಅದಕ್ಕೆ ದನಿಗೂಡಿಸುವುದು, ಉಳಿದವರು ನೀರಿನ ಬಾಟಲಿ ಹುಡುಕುವುದು ಇವೆಲ್ಲ ಎದುರಾಳಿಗೆ ನಾವೇ ಕೊಡುವ ಉಡುಗೊರೆ. ಫೌಲ್ ನೀಡಿದ ತೀರ್ಪು ಆ ವಾದದಿಂದ ಬದಲಾದದ್ದನ್ನು ನಾನಂತೂ ನೋಡಿಲ್ಲ. ವಾದಿಸಲೇಬೇಕಿದ್ದರೆ ಒಬ್ಬನೇ ವಾದಿಸಲಿ, ಆ ಒಬ್ಬ ಯಾರೆಂದು ಪಂದ್ಯಕ್ಕೆ ಮೊದಲೇ ಗೊತ್ತಾಗಿರಲಿ. ಉಳಿದ ಹತ್ತು ಮಂದಿಗೆ ಆಟ ನಿಂತಿಲ್ಲ.

ಇನ್ನು ಗೋಡೆ. ಅದು ಚೆಂಡನ್ನು ತಡೆಯಲು ಇದೆ ಎಂಬುದು ಅರ್ಧ ಸತ್ಯ. ಗೋಡೆಯ ಮುಖ್ಯ ಕೆಲಸ ಚೆಂಡನ್ನು ನಿಧಾನಗೊಳಿಸುವುದು. ಡಿ ವೃತ್ತದ ತುದಿಯನ್ನೇ ತೆಗೆದುಕೊಳ್ಳೋಣ. ಪೆನಾಲ್ಟಿ ಬಿಂದು ಗೋಲು ಗೆರೆಯಿಂದ 11 ಮೀಟರ್, ಡಿ ವೃತ್ತದ ತ್ರಿಜ್ಯ 9.15 ಮೀಟರ್; ಆದ್ದರಿಂದ ಅದರ ತುದಿಯಲ್ಲಿಟ್ಟ ಚೆಂಡು ಗೋಲಿನಿಂದ ಸುಮಾರು 20 ಮೀಟರ್ ದೂರದಲ್ಲಿರುತ್ತದೆ ಮತ್ತು ಗೋಡೆ ನಿಲ್ಲುವುದು ಸರಿಯಾಗಿ ಪೆನಾಲ್ಟಿ ಬಿಂದುವಿನ ಮೇಲೆ. ಗೆರೆ ಎಳೆಯುವ ಸ್ಪ್ರೇ ಇಲ್ಲದ ಅಂಗಳಗಳಲ್ಲಿ ಇಷ್ಟು ನೆನಪಿಟ್ಟುಕೊಂಡರೂ ಅರ್ಧ ಜಗಳ ತಪ್ಪುತ್ತದೆ. ಗೋಡೆಯವರ ಎತ್ತರ 1.85 ಮೀಟರ್ ಎಂದಿಟ್ಟುಕೊಂಡರೆ, ಚೆಂಡು ಅವರ ತಲೆ ದಾಟಿ, ಮುಂದಿನ 11 ಮೀಟರ್‌ನಲ್ಲಿ 2.44 ಮೀಟರ್ ಎತ್ತರದ ಅಡ್ಡಕಂಬದ ಕೆಳಗೆ ಇಳಿಯಬೇಕು. ಗಾಳಿಯ ಪ್ರಭಾವವನ್ನೂ ಚೆಂಡಿನ ಸುತ್ತನ್ನೂ ಬದಿಗಿಟ್ಟು, ಗುರುತ್ವವೊಂದನ್ನೇ ಲೆಕ್ಕಕ್ಕೆ ಹಿಡಿದರೆ, ಚೆಂಡಿನ ಮುನ್ನಡೆಯ ವೇಗ ಗಂಟೆಗೆ ಸುಮಾರು 84 ಕಿಲೋಮೀಟರ್ ಮೀರಿದಾಗ ಅದು ಅಡ್ಡಕಂಬದ ಮೇಲೆ ಹಾದುಹೋಗುತ್ತದೆ. ಆ ವೇಗದಲ್ಲಿ ಗೋಲು ತಲುಪಲು 0.86 ಸೆಕೆಂಡ್ ಬೇಕು. ಈಗ ಗೋಡೆ ಹಾರಿ ಅದರ ಎತ್ತರ 2.4 ಮೀಟರ್ ಆಯಿತೆನ್ನಿ: ಗರಿಷ್ಠ ವೇಗ ಗಂಟೆಗೆ 66 ಕಿಲೋಮೀಟರಿಗೆ ಇಳಿಯುತ್ತದೆ, ಸಮಯ 1.09 ಸೆಕೆಂಡಿಗೆ ಏರುತ್ತದೆ.

ಈ ಎರಡರ ನಡುವಿನ ವ್ಯತ್ಯಾಸ ಸುಮಾರು ಕಾಲು ಸೆಕೆಂಡ್. ಕಣ್ಣಿಗೆ ಕಂಡದ್ದಕ್ಕೆ ಮನುಷ್ಯನ ದೇಹ ಪ್ರತಿಕ್ರಿಯಿಸಲು ಹಿಡಿಯುವುದು ಹೆಚ್ಚುಕಡಿಮೆ ಅಷ್ಟೇ ಹೊತ್ತು. ಚೆಂಡನ್ನು ಕೆಳಮುಖವಾಗಿ ಸುತ್ತಿಸಬಲ್ಲ ನುರಿತ ಆಟಗಾರ ಇದಕ್ಕಿಂತ ವೇಗವಾಗಿ ಒದ್ದೂ ಗುರಿ ಮುಟ್ಟಿಸುತ್ತಾನೆ. ಆದರೂ ಲೆಕ್ಕದ ದಿಕ್ಕು ಬದಲಾಗುವುದಿಲ್ಲ. ಗೋಡೆ ಎಷ್ಟು ಎತ್ತರವೋ ಚೆಂಡು ಅಷ್ಟು ನಿಧಾನ, ಚೆಂಡು ಎಷ್ಟು ನಿಧಾನವೋ ಕೀಪರ್‌ಗೆ ಅಷ್ಟು ಸಮಯ. ಹೀಗಾಗಿ ತಂಡದ ಎತ್ತರದ ಆಟಗಾರರನ್ನು ಗೋಡೆಯಲ್ಲಿ ಯಾವ ಕ್ರಮದಲ್ಲಿ ನಿಲ್ಲಿಸುತ್ತೇವೆ ಎಂಬುದು ಮುಖ್ಯ. ಹತ್ತಿರದ ಕಂಬದ ಕಡೆಯಿಂದ ಎರಡನೆಯ ಮತ್ತು ಮೂರನೆಯ ಜಾಗಗಳು ಅತಿ ಎತ್ತರದವರಿಗೆ ಮೀಸಲು, ಏಕೆಂದರೆ ಮೇಲಿನ ಮೂಲೆಗೆ ಬಾಗುವ ಚೆಂಡು ಸಾಮಾನ್ಯವಾಗಿ ಹಾಯುವುದು ಅವರ ತಲೆಯ ಮೇಲಿಂದಲೇ.

ಅಗಲದ ಲೆಕ್ಕ ಇನ್ನೂ ಸರಳ. 7.32 ಮೀಟರ್ ಅಗಲದ ಗೋಲು, 20 ಮೀಟರ್ ದೂರದ ಚೆಂಡಿನ ಕಣ್ಣಿನಿಂದ ನೋಡಿದರೆ, ಗೋಡೆಯ ಜಾಗದಲ್ಲಿ 3.35 ಮೀಟರ್ ಅಗಲಕ್ಕೆ ಕುಗ್ಗುತ್ತದೆ. ಒಬ್ಬ ಆಟಗಾರ ಅರ್ಧ ಮೀಟರ್ ಮುಚ್ಚುತ್ತಾನೆಂದರೆ ನಾಲ್ವರು ಎರಡು ಮೀಟರ್ ಮುಚ್ಚುತ್ತಾರೆ, ಉಳಿದ 1.35 ಮೀಟರ್‌ನ ಕಿಂಡಿ ಗೋಲಿನ ಬಳಿ ಹಿಗ್ಗಿ ಸುಮಾರು ಮೂರು ಮೀಟರ್ ಆಗುತ್ತದೆ. ಆ ಮೂರು ಮೀಟರ್ ಕೀಪರ್‌ನ ಹೊಣೆ. ಆದರೆ ಚೆಂಡು ಬಾಗುತ್ತದೆಯಲ್ಲ? ಆದ್ದರಿಂದ ಕಂಬದ ಗೆರೆಯಿಂದ ಆಚೆಗೆ ಇನ್ನೊಬ್ಬನು ನಿಲ್ಲಲೇಬೇಕು, ಒಟ್ಟು ಐವರು. ಈ ಹೊರಗಿನವನನ್ನು ಗೋಡೆಗೆ ಹಾಕದೆ ಇನ್ನೊಬ್ಬ ಆಕ್ರಮಣಕಾರನ ಕಾವಲಿಗೆ ಬಿಡುವ ಆಸೆ ಎಲ್ಲ ಕೋಚ್‌ಗಳಿಗೂ ಇರುತ್ತದೆ. 2025ರ ಏಪ್ರಿಲ್ 8ರಂದು ಲಂಡನ್ನಿನ ಎಮಿರೇಟ್ಸ್ ಕ್ರೀಡಾಂಗಣದಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ ಆರ್ಸೆನಲ್‌ನ ಡೆಕ್ಲನ್ ರೈಸ್ ಗಳಿಸಿದ ಮೊದಲ ಗೋಲು ಗೋಡೆಯ ಹೊರ ಅಂಚನ್ನು ಸುತ್ತಿ ಬಂದು, ಮ್ಯಾಡ್ರಿಡ್‌ನ ಕೀಪರ್ ತೀಬೊ ಕೋರ್ಟ್ವಾ ಕೈಗೆ ಎಟುಕದಂತೆ ಒಳಗೆ ಬಾಗಿತು. ಅದಾದ ಸ್ವಲ್ಪ ಹೊತ್ತಿಗೆ ಮತ್ತೊಂದು ಫ್ರೀ ಕಿಕ್ ಅನ್ನು ಅವರು ಮೇಲಿನ ಮೂಲೆಗೆ ಅಟ್ಟಿದರು. ಸ್ವಾರಸ್ಯವೆಂದರೆ ಆ ರಾತ್ರಿಯವರೆಗೆ ರೈಸ್ ತಮ್ಮ ವೃತ್ತಿಜೀವನದಲ್ಲಿ ನೇರ ಫ್ರೀ ಕಿಕ್‌ನಿಂದ ಒಂದೂ ಗೋಲು ಹೊಡೆದಿರಲಿಲ್ಲ. ಒದೆಯುವವನ ಹೆಸರು ನೋಡಿ ಗೋಡೆಯ ಅಗಲ ನಿರ್ಧರಿಸುವವರು ಇದನ್ನು ಗಮನಿಸಬೇಕು.

ಹಾಗಾದರೆ ಆರು ಜನ, ಏಳು ಜನ ನಿಂತರೆ ಇನ್ನೂ ಒಳ್ಳೆಯದಲ್ಲವೆ? ಇಲ್ಲ. ಗೋಡೆ ಅಗಲವಾದಷ್ಟೂ ಕೀಪರ್‌ಗೆ ಚೆಂಡು ಕಾಣುವುದಿಲ್ಲ. ಒದೆತದ ಮೊದಲ ಕ್ಷಣಗಳನ್ನು ಗೋಡೆ ಮರೆಮಾಡಿದಾಗ ಕೀಪರ್‌ಗಳು ತಡವಾಗಿ ಚಲಿಸುತ್ತಾರೆ, ಕಡಿಮೆ ಚೆಂಡುಗಳನ್ನು ತಡೆಯುತ್ತಾರೆ ಎಂದು ವರ್ಚುವಲ್ ರಿಯಾಲಿಟಿ ಬಳಸಿ ನಡೆಸಿದ, 2020ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿದೆ. ಗೋಡೆ ಕೊಡುವ ಕಾಲು ಸೆಕೆಂಡನ್ನು ಅದೇ ಗೋಡೆ ಇನ್ನೊಂದು ಕೈಯಿಂದ ಕಸಿದುಕೊಂಡರೆ ಏನು ಬಂತು? ಗೋಡೆಯೇ ಬೇಡ, ಎಲ್ಲರೂ ಪಕ್ಕಕ್ಕೆ ಸರಿದು ಕೀಪರ್‌ಗೆ ನೋಟ ಬಿಟ್ಟುಕೊಡಲಿ ಎಂಬ ವಾದ ಹುಟ್ಟಿದ್ದೂ ಇಲ್ಲಿಂದಲೇ. ಮೂವತ್ತು ಮೀಟರ್ ಆಚೆಗೆ ಆ ವಾದವನ್ನು ನಾನು ಒಪ್ಪುತ್ತೇನೆ. ಅಲ್ಲಿ ಇಬ್ಬರು ನಿಂತರೂ ಹೆಚ್ಚು. ಆದರೆ 20 ಮೀಟರ್‌ನಲ್ಲಿ ಗೋಡೆ ತೆಗೆದರೆ ಚೆಂಡು ಮೇಲೇರುವ ಅಗತ್ಯವೇ ಇಲ್ಲದೆ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಕಂಬದ ಬುಡಕ್ಕೆ ನೇರ ಬರುತ್ತದೆ. ನೋಟ ಇದ್ದರೂ ಸಮಯ ಇರುವುದಿಲ್ಲ.

ಮರೆಯ ವಿಷಯದಲ್ಲಿ ನಿಯಮವೂ ಒಂದು ಉಪಕಾರ ಮಾಡಿದೆ. ಹಿಂದೆ ಆಕ್ರಮಣಕಾರರು ಗೋಡೆಯೊಳಗೇ ನುಗ್ಗಿ, ತಳ್ಳಿ, ಕೊನೆಯ ಕ್ಷಣದಲ್ಲಿ ಬಗ್ಗಿ ಚೆಂಡಿಗೆ ದಾರಿ ಮಾಡುತ್ತಿದ್ದರು. 2019ರಿಂದ, ಮೂವರು ಅಥವಾ ಅದಕ್ಕಿಂತ ಹೆಚ್ಚು ಡಿಫೆಂಡರ್‌ಗಳು ಗೋಡೆ ಕಟ್ಟಿದ್ದರೆ ಆಕ್ರಮಣಕಾರರು ಅದರಿಂದ ಕನಿಷ್ಠ ಒಂದು ಮೀಟರ್ ದೂರವಿರಬೇಕು. ಅವರು ಈಗ ಗೋಡೆಯ ಮುಂದೆ ಒಂದು ಮೀಟರ್ ಬಿಟ್ಟು ತಮ್ಮದೇ ಸಾಲು ಕಟ್ಟಿ ಚೆಂಡನ್ನು ಮರೆಮಾಡುತ್ತಾರೆ. ಅದಕ್ಕೆ ಮದ್ದು, ಕೀಪರ್ ಗೋಡೆ ಮುಚ್ಚದ ಬದಿಗೆ ಅರ್ಧ ಹೆಜ್ಜೆ ಸರಿದು ನಿಂತು ಚೆಂಡನ್ನು ಕಾಣುವುದು, ಆದರೆ ಒದೆಯುವವನು ಓಡಿ ಬರುವಾಗ ಆ ಬದಿಗೆ ಇನ್ನೊಂದು ಹೆಜ್ಜೆ ಇಡದಿರುವುದು. ಗೋಡೆಯ ಮೇಲಿಂದ ಬರುತ್ತದೆ ಎಂದು ಊಹಿಸಿ ಮೊದಲೇ ವಾಲಿದ ಕೀಪರ್ ತನ್ನ ಬದಿಯಲ್ಲೇ ಗೋಲು ಬಿಟ್ಟುಕೊಡುವುದು ಅತ್ಯಂತ ಹೀನಾಯವಾಗಿ ಕಾಣುವ ಸೋಲು.

ಹಾರಬೇಕೆ ಎಂಬ ಪ್ರಶ್ನೆಗೆ ಬರೋಣ. ಮೇಲಿನ ಲೆಕ್ಕ ಹಾರಿ ಎನ್ನುತ್ತದೆ. ಹಾರಿದೊಡನೆ ಕಾಲ ಕೆಳಗೆ ಬಾಗಿಲು ತೆರೆಯುತ್ತದೆ. 2006ರಲ್ಲಿ ಬಾರ್ಸಿಲೋನಾದ ರೊನಾಲ್ಡಿನೊ ವೆರ್ಡರ್ ಬ್ರೆಮೆನ್ ವಿರುದ್ಧ ಹಾರುವ ಗೋಡೆಯ ಅಡಿಯಿಂದ ಚೆಂಡು ನುಸುಳಿಸಿ ತೋರಿಸಿದ್ದರು. 2018ರ ಅಕ್ಟೋಬರ್‌ನಲ್ಲಿ ಬಾರ್ಸಿಲೋನಾದ ತವರಾದ ಅದೇ ಕ್ಯಾಂಪ್ ನೌ ಅಂಗಳದಲ್ಲಿ ಇಂಟರ್ ಮಿಲಾನ್‌ನ ಮಾರ್ಸೆಲೊ ಬ್ರೊಜೊವಿಚ್, ಬಾರ್ಸಿಲೋನಾದ ಲೂಯಿಸ್ ಸುವಾರೆಜ್ ಒದೆಯುವ ಹೊತ್ತಿಗೆ ಗೋಡೆಯ ಹಿಂದೆ ಜಾರಿ ಮಲಗಿ ನೆಲದಲ್ಲಿ ಬಂದ ಚೆಂಡನ್ನು ತಡೆದ ಮೇಲೆ ಮಲಗುವ ಆಟಗಾರ ಎಲ್ಲೆಡೆ ಕಾಣಿಸಿಕೊಂಡ. 2021ರ ಸೆಪ್ಟೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ವಿರುದ್ಧ ಪಿಎಸ್‌ಜಿ ಪರ ಲಯೊನೆಲ್ ಮೆಸ್ಸಿಯೇ ಆ ಕೆಲಸಕ್ಕೆ ಮಲಗಿದ್ದನ್ನು ಕಂಡು ಕೆಲವರು ಅವಮಾನ ಎಂದರು. ನನಗೆ ಹಾಗೆನಿಸಲಿಲ್ಲ. ಎತ್ತರ ಕಡಿಮೆ ಇರುವ, ಮೇಲೆ ಹಾರಿ ಹೆಚ್ಚು ಉಪಯೋಗವಿಲ್ಲದ ಆಟಗಾರನನ್ನೇ ಅಲ್ಲಿ ಮಲಗಿಸುವುದು ವಿವೇಕ.

ಆದರೆ ಮಲಗುವವನಿಗೂ ಬೆಲೆಯಿದೆ. ಚೆಂಡು ಕೀಪರ್‌ನ ಕೈಗೆ ತಾಗಿ ಹೊರಬಂದರೆ ಅದನ್ನು ಮೊದಲು ಮುಟ್ಟಬೇಕಾದ ಒಬ್ಬ ಡಿಫೆಂಡರ್ ನೆಲದ ಮೇಲಿರುತ್ತಾನೆ. ಅದಕ್ಕಾಗಿ ನನ್ನ ಒಲವು ಹೀಗಿದೆ: ವೃತ್ತಿಪರ ತಂಡ ಮಲಗಿಸಲಿ ಮತ್ತು ಹಾರಲಿ, ವಾರಕ್ಕೆರಡು ದಿನ ಸೇರುವ ತಂಡ ಎರಡನ್ನೂ ಬಿಟ್ಟು ಹಿಮ್ಮಡಿ ಎತ್ತಿ, ತುದಿಗಾಲಿನಲ್ಲಿ ಒತ್ತಾಗಿ ನಿಲ್ಲಲಿ. ಐವರು ಒಂದೇ ಕ್ಷಣದಲ್ಲಿ ಹಾರುವುದು ಅಭ್ಯಾಸವಿಲ್ಲದೆ ಬರುವುದಿಲ್ಲ. ಒಬ್ಬ ಮೊದಲು, ಒಬ್ಬ ಆಮೇಲೆ ಹಾರಿದರೆ ಗೋಡೆಯಲ್ಲಿ ಹಲ್ಲು ಬಿದ್ದಂತೆ ಸಂದುಗಳು ಮೂಡುತ್ತವೆ. ಇನ್ನು ಕೆಂಪು ಮಣ್ಣು, ಜಲ್ಲಿ ಬೆರೆತ ನಮ್ಮ ಬಡಾವಣೆಯ ಮೈದಾನಗಳಲ್ಲಿ ಮಲಗು ಎಂದು ಯಾರಿಗೆ ಹೇಳುವುದು! ಕೈಗಳ ಬಗ್ಗೆ ಮಾತ್ರ ಎಲ್ಲ ಹಂತದಲ್ಲೂ ಒಂದೇ ಸೂತ್ರ. ಅವು ದೇಹಕ್ಕೆ ಅಂಟಿ, ಹೊಟ್ಟೆಯ ಕೆಳಗೆ ಕಟ್ಟಿರಬೇಕು. ಪೆನಾಲ್ಟಿ ಆವರಣದೊಳಗೆ ನಿಂತ ಗೋಡೆಯಲ್ಲಿ ಎತ್ತಿದ ಕೈಗೆ ಚೆಂಡು ತಾಗಿದರೆ 20 ಮೀಟರ್‌ನ ಅಪಾಯ 11 ಮೀಟರ್‌ನ ಪೆನಾಲ್ಟಿಯಾಗಿ ಬದಲಾಗುತ್ತದೆ.

ಗೋಡೆಯ ಪಕ್ಕದಲ್ಲಿ ನಿಲ್ಲುವ ಇನ್ನೊಬ್ಬನನ್ನು ನಮ್ಮವರು ಬಹಳ ಸಲ ಮರೆಯುತ್ತಾರೆ. ಚೆಂಡು ಮುಟ್ಟಿದ ಕ್ಷಣವೇ ನುಗ್ಗಿ ಬರುವವನು. 2018ರ ವಿಶ್ವಕಪ್‌ನಲ್ಲಿ, ಸೋಚಿಯಲ್ಲಿ, ಸ್ವೀಡನ್ ವಿರುದ್ಧ 95ನೇ ನಿಮಿಷದಲ್ಲಿ ಜರ್ಮನಿಯ ಟೋನಿ ಕ್ರೂಸ್ ನೇರವಾಗಿ ಒದೆಯದೆ ಚೆಂಡನ್ನು ಮಾರ್ಕೊ ರಾಯ್ಸ್‌ಗೆ ತುಸುವೇ ದೂಡಿದರು, ರಾಯ್ಸ್ ಅದನ್ನು ಕಾಲಡಿ ನಿಲ್ಲಿಸಿದರು, ಕ್ರೂಸ್ ಅಲ್ಲಿಂದ ದೂರದ ಮೂಲೆಗೆ ಬಾಗಿಸಿದರು. ಒಂದೆರಡು ಹೆಜ್ಜೆಯಷ್ಟು ಚೆಂಡು ಸರಿದದ್ದಕ್ಕೇ ಗೋಡೆ ಕಾಯುತ್ತಿದ್ದ ಕೋನ ಬದಲಾಯಿತು. ಒದ್ದ ಚೆಂಡು ಸ್ಪಷ್ಟವಾಗಿ ಚಲಿಸಿದೊಡನೆ ಅದು ಆಟದಲ್ಲಿದೆ, 9.15 ಮೀಟರ್‌ನ ನಿರ್ಬಂಧ ಆ ಕ್ಷಣಕ್ಕೆ ಮುಗಿಯಿತು. ನುಗ್ಗುವವನು ಗೋಡೆಗೆ ಸೇರಿದವನಲ್ಲ, ಹಾರುವವನೂ ಅಲ್ಲ. ತಂಡದಲ್ಲಿ ಮೊದಲ ಐದು ಹೆಜ್ಜೆ ಯಾರದು ಚುರುಕೋ ಅವನಿಗೆ ಈ ಕೆಲಸ.

ಅಂಚಿನಿಂದ, ಗೋಲಿಗೆ ಓರೆಯಾಗಿ ಬರುವ ಫ್ರೀ ಕಿಕ್‌ಗೆ ಇಬ್ಬರು ಮೂವರ ಗೋಡೆ ಸಾಕು. ಅಲ್ಲಿ ಅಪಾಯ ಪಾಸ್‌ನದ್ದು ಎಂದು ಎಲ್ಲರೂ ನಂಬಿರುತ್ತಾರೆ. 2002ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಇಂಗ್ಲೆಂಡಿನ ಕೀಪರ್ ಡೇವಿಡ್ ಸೀಮನ್ ಕೂಡ ಹಾಗೆಯೇ ಮುಂದೆ ಬಂದು ನಿಂತಿದ್ದರು, ಬ್ರೆಜಿಲ್ ಪರ ರೊನಾಲ್ಡಿನೊ ಒದ್ದ ಚೆಂಡು ಅವರ ತಲೆಯ ಮೇಲಿಂದ ಇಳಿಯಿತು. ಬ್ರೆಜಿಲ್‌ನ ರಾಬರ್ಟೊ ಕಾರ್ಲೊಸ್ 1997ರ ಜೂನ್ 3ರಂದು ಲಿಯಾನ್‌ನಲ್ಲಿ ಫ್ರಾನ್ಸ್ ವಿರುದ್ಧ ಸುಮಾರು 35 ಮೀಟರ್‌ನಿಂದ ಹೊಡೆದ ಗೋಲನ್ನು ಇಲ್ಲಿ ನೆನೆಯುವುದು ವಾಡಿಕೆ. ಆದರೆ ಅಂಥ ಒದೆತಕ್ಕೆ ರಕ್ಷಣಾ ಯೋಜನೆ ಮಾಡುವುದು ಸಿಡಿಲಿಗೆ ಕೊಡೆ ಹಿಡಿದಂತೆ. ಅದನ್ನು ನೋಡಿ ಆನಂದಿಸಿ ಮುಂದೆ ಸಾಗುವುದೇ ಲೇಸು.

ಆ ಬಾಗುವಿಕೆಗೆ ಕಾರಣ ಗೊತ್ತಿರುವುದೇ. ಸುತ್ತುವ ಚೆಂಡು ತನ್ನ ಬೆನ್ನ ಹಿಂದಿನ ಗಾಳಿಯನ್ನು ಒಂದು ಬದಿಗೆ ತಿರುಗಿಸುತ್ತದೆ, ಗಾಳಿ ಚೆಂಡನ್ನು ಇನ್ನೊಂದು ಬದಿಗೆ ತಳ್ಳುತ್ತದೆ. ಮ್ಯಾಗ್ನಸ್ ಪರಿಣಾಮ ಎಂದು ಅದರ ಹೆಸರು. ಗಾಳಿ ತೆಳುವಾದಷ್ಟೂ ಈ ತಳ್ಳುವಿಕೆಯೂ, ಚೆಂಡಿನ ವೇಗ ತಗ್ಗಿಸುವ ಎಳೆತವೂ ಕಡಿಮೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಸಾಂದ್ರತೆ ಕೊಚ್ಚಿ, ಗೋವಾ, ಚೆನ್ನೈಗಳಿಗಿಂತ ಹತ್ತನೇ ಒಂದು ಭಾಗಕ್ಕೆ ತುಸು ಕಡಿಮೆಯಷ್ಟು ತೆಳು. ಮೆಕ್ಸಿಕೊ ಸಿಟಿಯಂತೆ ಆಟವನ್ನೇ ಬದಲಿಸುವ ವ್ಯತ್ಯಾಸ ಇದಲ್ಲ, ಆದರೂ ಕರಾವಳಿಯಿಂದ ಬರುವ ಕೀಪರ್‌ಗೆ ಚೆಂಡು ಕೊಂಚ ಬೇಗ ತಲುಪುತ್ತದೆ, ಕೊಂಚ ಕಡಿಮೆ ಬಾಗುತ್ತದೆ. ಪಂದ್ಯದ ಹಿಂದಿನ ದಿನ ಇಲ್ಲಿ ಇಪ್ಪತ್ತು ಫ್ರೀ ಕಿಕ್ ಎದುರಿಸಿದವನಿಗೂ ಹೋಟೆಲ್‌ನಿಂದ ನೇರ ಅಂಗಳಕ್ಕೆ ಇಳಿದವನಿಗೂ ವ್ಯತ್ಯಾಸ ಕಾಣುವುದು ಇಂಥಲ್ಲಿ. ನನ್ನನ್ನು ಕೇಳಿದರೆ ಎತ್ತರಕ್ಕಿಂತ ದೊಡ್ಡ ಶತ್ರು ಇಲ್ಲಿನ ಸಂಜೆ ಮಳೆ. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದ ಕೃತಕ ಹುಲ್ಲು ಒದ್ದೆಯಾದಾಗ ಕೀಪರ್‌ನ ಮುಂದೆ ಪುಟಿಯುವ ಚೆಂಡು ಏಳುವುದಿಲ್ಲ, ಜಾರಿ ಬರುತ್ತದೆ. ಅಂಥ ದಿನ ಹಿಡಿಯುವ ಹಟ ಬಿಟ್ಟು ಪಕ್ಕಕ್ಕೆ ತಳ್ಳುವುದೇ ಸರಿ, ತಳ್ಳಿದ ಚೆಂಡಿನ ಕಡೆಗೆ ಇಬ್ಬರು ಡಿಫೆಂಡರ್‌ಗಳು ಮೊದಲೇ ಓಡತೊಡಗಿರಬೇಕು.

ಇವೆಲ್ಲಕ್ಕೂ ಮೊದಲಿನ ರಕ್ಷಣೆ ಫೌಲ್ ಮಾಡದಿರುವುದು. ಹೇಳಲು ಸುಲಭ, ಆದರೆ ಫೌಲ್‌ಗಳಲ್ಲೂ ತರತಮವಿದೆ. ಗೋಲಿನತ್ತ ಏಕಾಂಗಿಯಾಗಿ ಓಡುತ್ತಿರುವವನನ್ನು ಬೀಳಿಸುವ ಅನಿವಾರ್ಯತೆ ಬೇರೆ. ಗೋಲಿಗೆ ಬೆನ್ನು ಮಾಡಿ, ಚೆಂಡನ್ನು ಕಾಲಡಿ ಇಟ್ಟುಕೊಂಡು, ಯಾರಾದರೂ ಹಿಂದಿನಿಂದ ತಾಗಲಿ ಎಂದು ಕಾಯುತ್ತಿರುವ ಸ್ಟ್ರೈಕರ್‌ನ ಹಿಮ್ಮಡಿಗೆ ಒದೆಯುವ ಅವಿವೇಕ ಬೇರೆ. ಎರಡನೆಯದರಲ್ಲಿ ಅವನಿಗೆ ಹೋಗಲು ಬೇರೆ ದಾರಿಯೇ ಇರಲಿಲ್ಲ, ದಾರಿ ಕೊಟ್ಟವರು ನಾವು. ಮಧ್ಯಭಾಗದಲ್ಲಿ, 18ರಿಂದ 25 ಮೀಟರ್‌ಗಳ ಪಟ್ಟಿಯಲ್ಲಿ, ಒಂದು ತೋಳಿನಳತೆ ದೂರ ನಿಂತು ಅವನು ತಿರುಗುವವರೆಗೆ ಕಾಯುವುದನ್ನು ಕಲಿಸುವುದು ಗೋಡೆ ಕಟ್ಟುವುದನ್ನು ಕಲಿಸುವುದಕ್ಕಿಂತ ಕಷ್ಟ, ಹೆಚ್ಚು ಫಲದಾಯಕ.

ಚೆಟ್ರಿಯವರ ಗೋಲಿನ ಮರುದಿನ, 2023ರ ಮಾರ್ಚ್ 4ರಂದು, ಕರ್ನಾಟಕ ತಂಡ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಮಣಿಸಿ 54 ವರ್ಷಗಳ ಬಳಿಕ ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತು. ಆ ಮೂರರಲ್ಲಿ ಒಂದು ಗೋಲು ರಾಬಿನ್ ಯಾದವ್ ಅವರ ನೇರ ಫ್ರೀ ಕಿಕ್. ಎರಡು ದಿನಗಳಲ್ಲಿ ಎರಡು ದೊಡ್ಡ ಪಂದ್ಯಗಳಲ್ಲಿ ಈ ಊರಿನ ನಂಟಿನ ಎರಡು ಫ್ರೀ ಕಿಕ್‌ಗಳು ಇಷ್ಟು ತೂಗಿದವು. ಆದ್ದರಿಂದಲೋ ಏನೋ, ಒದೆಯುವ ಅಭ್ಯಾಸಕ್ಕೆ ಇಲ್ಲಿ ಹುಡುಗರ ಕೊರತೆಯಿಲ್ಲ. ಗೌತಮಪುರದಲ್ಲಾಗಲಿ ಆಸ್ಟಿನ್ ಟೌನ್‌ನಲ್ಲಾಗಲಿ ತರಬೇತಿ ಮುಗಿದ ಮೇಲೂ ಚೆಂಡಿಟ್ಟು ಗೋಲಿಗೆ ಬಾಗಿಸುವವರು ಕತ್ತಲಾಗುವವರೆಗೆ ಸಿಗುತ್ತಾರೆ. ತಡೆಯುವ ಅಭ್ಯಾಸಕ್ಕೆ ಉಳಿಯುವವರು ವಿರಳ.

ಇತ್ತೀಚೆಗೆ ಒಂದು ಭಾನುವಾರ ಬೆಳಗ್ಗೆ ಅಂಥ ವಿರಳ ದೃಶ್ಯವೊಂದನ್ನು ಕಂಡೆ. ಹದಿನಾಲ್ಕು ವರ್ಷದೊಳಗಿನ ಹುಡುಗರು ಸಣ್ಣ ಮೈದಾನದಲ್ಲಿ ಏಳೇಳು ಜನರ ಪಂದ್ಯ ಆಡುತ್ತಿದ್ದರು. ಕೋಚ್‌ನ ಹೆಗಲ ಮೇಲೆ ಬಟ್ಟೆ ಒಣಹಾಕುವ ನೈಲಾನ್ ಹಗ್ಗ, ಅದರ ಒಂದು ತುದಿಯಲ್ಲಿ ಕೆಂಪು ಚಿಂದಿ. ಅಳೆದು ಕತ್ತರಿಸಿದ 9.15 ಮೀಟರ್. ಹುಡುಗರು ಅದಕ್ಕೆ ದಾರ ಎಂದಷ್ಟೇ ಹೆಸರಿಟ್ಟಿದ್ದರು. ಕೋಚ್ ಆಟದ ನಡುವೆ ಯಾವಾಗ ಬೇಕಾದರೂ ಸೀಟಿ ಊದಿ, ಚೆಂಡು ಇದ್ದಲ್ಲೇ ಫ್ರೀ ಕಿಕ್ ಕೊಟ್ಟು, ಜೋರಾಗಿ ಐದರವರೆಗೆ ಎಣಿಸುತ್ತಿದ್ದರು. ಐದಾಗುವಷ್ಟರಲ್ಲಿ ಒದೆಯುವವನು ಒದೆಯಲೇಬೇಕು. ಮೊದಲ ನಾಲ್ಕು ಸಲ ಚೆಂಡು ಒಳಗೆ ಹೋಯಿತು. ಮೂರು ಸಲ ಕೀಪರ್ ಕಂಬದ ಬಳಿ ಇದ್ದ, ಒಮ್ಮೆ ಬೂಟಿನ ಲೇಸು ಕಟ್ಟುತ್ತಿದ್ದ. ಆಮೇಲೆ ದಾರ ಹಿಡಿದು ದೂರ ತೋರಿಸಿದರು, ಸ್ಟ್ರೈಕರ್ ಹುಡುಗನನ್ನು ಚೆಂಡಿನ ಹಿಂದೆ ನಿಲ್ಲಿಸಿದರು, ಕೀಪರ್‌ನ ಎರಡೂ ಭುಜ ಹಿಡಿದು ಗೋಲಿನ ನಡುವೆ ತಂದು ಬಿಟ್ಟರು. ಏಳನೆಯ ಸಲ ಸೀಟಿ ಬಿದ್ದಾಗ, ಕೋಚ್ ಮೂರು ಎಣಿಸುವ ಹೊತ್ತಿಗೆ, ಮೂವರು ಹುಡುಗರು ಚೆಂಡಿನ ಮೇಲೆಯೇ ಕಣ್ಣಿಟ್ಟು ಹಿಂದೆ ಹಿಂದೆ ನಡೆಯುತ್ತ ಸಾಲಾಗಿದ್ದರು. ನಾಲ್ಕಕ್ಕೆ ಬಂದ ಒದೆತ ಅವರಲ್ಲೊಬ್ಬನ ತೊಡೆಗೆ ಫಟ್ಟನೆ ಬಡಿದು ಹೊರಗಿನ ಚರಂಡಿಯತ್ತ ಹಾರಿತು. ಹುಡುಗ ತೊಡೆ ಉಜ್ಜಿಕೊಳ್ಳುತ್ತಿದ್ದ. ಕೀಪರ್ ಆಗಲೇ ಚೆಂಡು ತರಲು ಓಡಿದ್ದ.